ವಿರಾಮದ ದಿನ

ಇವತ್ತು ನಾನು ಇಲ್ಲ.
ಹನ್ನೊಂದು ತಿಂಗಳು ನಿನ್ನೆಗೆ ಮುಗಿದವು,
ಮುಂದಿನ ಹನ್ನೊಂದು ನಾಳೆಯಿಂದ.
ನಡುವಿನ ಈ ಮಂಗಳವಾರಕ್ಕೆ
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಮನೆಯೇ ಇಲ್ಲ.

ಗೇಟಿನಲ್ಲಿ ಮೌಲಾಸಾಬ ಕೇಳಿದ:
"ಇವತ್ತ ನಿಂದು ಬ್ರೇಕ್ ಐತಲ್ಲವ್ವಾ, ಯಾಕ ಬಂದಿ?"
ಒಳಗೆ ಐವತ್ತೆರಡು ತಟ್ಟೆ ಅದಾವು ಅಂದೆ,
ಅವಕ್ಕೆ ಆದೇಶದ ಪ್ರತಿ ಹೋಗಿಲ್ಲ,
ಒಂದು ಎರಡಾಗುತ್ತ, ಎರಡು ನಾಲ್ಕಾಗುತ್ತ ಕೂತಿರುತ್ತವೆ.
ನಗಲಿಲ್ಲ ಅವನು.
ರಿಜಿಸ್ಟರ್ ಮಡಚಿ ಕೀಲಿಕೈ ಕೊಟ್ಟ.

ನಾವು ಸವಳು ಅನ್ನುತ್ತೇವೆ.
ವರದಿಯಲ್ಲಿ ಅದಕ್ಕೆ ದಶಮಾಂಶವಿದೆ, ನಕಾಶೆಯಲ್ಲಿ ಬಣ್ಣ.
ಕಾಲುವೆ ನೀರು ವರ್ಷಗಟ್ಟಲೆ ನಿಂತು
ಕೆಳಗೆ ಮಲಗಿದ್ದ ಉಪ್ಪನ್ನು ಎಬ್ಬಿಸಿ ತಂದಿದೆ.
ಏಪ್ರಿಲ್ಲಿನಲ್ಲಿ ಕಾರಟಗಿಯ ಆಚೆ ಗದ್ದೆಗಳು
ರೊಟ್ಟಿ ಬಡಿದೆದ್ದ ಕೊಣಮಿಗೆಯ ಹಾಗೆ ಬೆಳ್ಳಗೆ.
ಅವ್ವ ಅಂಥಲ್ಲಿ ಸಸಿ ಹಚ್ಚಿ ಬಂದು
ಹಿಮ್ಮಡಿಯ ಬಿರುಕಿಗೆ ಮೇಣ ತುಂಬುತ್ತ ಒಂದು ಸಂಜೆ
ತನಗೆ ತಾನೇ ಅಂದಳು:
"ಮಡಿ ತುಂಬ ಸುಟ್ಟೈತಿ,
ಬದುವಿನ ಮಗ್ಗಲ ನಾಕ ಬುಡ ಮಾತ್ರ
ಯಾಕ ಹಸರ ಅದಾವ?"

ನಾನಾಗ ಎಂಟನೇ ತರಗತಿ.
ಆಮೇಲೆ ರಾಯಚೂರಿನಲ್ಲಿ ಬಿಎಸ್ಸಿ,
ಮೊದಲ ಪಿಪೆಟ್ಟು, ನಡುಗಿದ ಹೆಬ್ಬೆರಳು, ಒಂದು ಹನಿ ಹೆಚ್ಚು.
ಧಾರವಾಡದಲ್ಲಿ ಎಮ್ಮೆಸ್ಸಿ.
ಫೆಲೋಷಿಪ್ ಮೂರನೇ ಸಲಕ್ಕೆ.
ಸಂದರ್ಶನದಲ್ಲಿ ಒಬ್ಬರು ಹುಲಿಗೆಮ್ಮ ಎಂಬುದನ್ನು
ಮುರಿದ ಸೀಸೆಯ ಚೂರಿನಂತೆ ಎತ್ತಿ ಎತ್ತಿ ಓದಿದರು,
ಮದುವೆ ಯಾವಾಗ ಎಂದರು,
ಆಮೇಲೆ ನೆನಪಾಗಿ ಪ್ರೋಟೀನಿನ ಬಗ್ಗೆ ಕೇಳಿದರು.
ಹೈದರಾಬಾದಿನ ಆರು ವರ್ಷ ನಾಲ್ಕು ತಿಂಗಳಲ್ಲಿ
ಹದಿನಾಲ್ಕು ತಿಂಗಳು ಒಂದೇ ಜೀನಿನ ಬೆನ್ನು ಹತ್ತಿದ್ದೆ.
ಕಡೆಗೆ ತಿಳಿಯಿತು,
ಅದು ಯಾರೋ ಟ್ಯೂಬಿಗೆ ಅಂಟಿಸಿದ ತಪ್ಪು ಚೀಟಿ.

ಜೊತೆಯ ರುಕ್ಸಾರ್ ಬೀಜದ ಕಂಪನಿ ಸೇರಿ
ಸಿಂಧನೂರಿನಲ್ಲಿ ಮನೆ ಕಟ್ಟಿದಳು, ಒಳ್ಳೆಯ ಮನೆ.
ಸಿರುಗುಪ್ಪದ ರೈಸ್‌ಮಿಲ್ಲಿನವರು ಕರೆದಿದ್ದರು ನನ್ನನ್ನೂ,
ಅಕ್ಕಿಯ ತೇವ ಅಳೆಯಲು, ಈಗಿನದರ ಎರಡರಷ್ಟಕ್ಕೆ.
ಬೇಡ ಅನ್ನುವುದಕ್ಕೆ ಧೈರ್ಯ ಬೇಕಾಗಲಿಲ್ಲ.
ಉತ್ತರ ಬರೆಯಲು ತಡ ಮಾಡಿದೆ, ಅಷ್ಟೆ.
ಬೇರೆ ಯಾರನ್ನೋ ತಗೊಂಡರು.

ಆ ನಾಕು ಬುಡದ ಗದ್ದೆ ಈಗಲೂ ಇದೆ.
ಅಲ್ಲಿನ ಬೇರಿನ ಮಣ್ಣಿನಿಂದಲೇ ತೆಗೆದದ್ದು ಹದಿನೇಳನೆಯದನ್ನು.
ತಟ್ಟೆ ತೋರಿಸಿದರೆ ಅವ್ವ ಮೂಗು ಹತ್ತಿರ ಒಯ್ದಳು:
"ಹೆಪ್ಪು ಕೆಟ್ಟ ಮೊಸರು ಇದ್ದಂಗೈತಿ.
ಇದಕ್ಕ ಅಷ್ಟ ವರ್ಷ ಬೇಕಾತೇನ?"
ಪ್ರಬಂಧದಲ್ಲಿ ನನ್ನ ಹೆಸರು ಐದನೆಯದು.
ಅವಳದು ಎಲ್ಲಿ ಹಾಕಬೇಕೆಂದು
ಯಾವ ಪತ್ರಿಕೆಯ ನಿಯಮದಲ್ಲೂ ಇರಲಿಲ್ಲ.

ಇವತ್ತು ಇಪ್ಪತ್ತೊಂದನೆಯ ದಿನ.
ಹದಿನೇಳನ್ನು ಹಚ್ಚಿದ ಹನ್ನೆರಡು ಕುಂಡಗಳಲ್ಲಿ
ಏಳು ಹಸಿರು.
ಏನೂ ಹಚ್ಚದ ಹನ್ನೆರಡರಲ್ಲಿ
ಐದು.
ಏಳಕ್ಕೂ ಐದಕ್ಕೂ ನಡುವೆ
ನನ್ನ ಹದಿನಾರು ವರ್ಷ.
ಎರಡು ಸಲ ಎಣಿಸಿದೆ. ಕುಂಡ ತಿರುಗಿಸಿ ಮತ್ತೊಮ್ಮೆ.

ಅಪ್ಪ ಕಾಲುವೆಯ ಗ್ಯಾಂಗ್‌ಮನ್ ಆಗಿದ್ದ.
ಅವನನ್ನೂ ವರ್ಷಕ್ಕೊಂದು ದಿನ ಅಳಿಸುತ್ತಿದ್ದರು.
ಆ ದಿನವೂ ತೂಬಿನ ಮೇಲೆ ಟವೆಲ್ ಹಾಸಿ ಕೂತಿರುತ್ತಿದ್ದ.
ಯಾಕೆ ಎಂದರೆ ಬೀಡಿ ಹಚ್ಚುತ್ತಿದ್ದ.

ಪುಸ್ತಕ ತೆರೆದೆ. ತಾರೀಖು ಹಾಕಲೋ ಬೇಡವೋ.
ಮೊದಲ ವರ್ಷದಲ್ಲೇ ಕಲಿಸಿದ್ದರು ನಮಗೆ,
ವಿಜ್ಞಾನದ ವಾಕ್ಯದಲ್ಲಿ ನಾನು ಎಂಬುದು ಬರಕೂಡದು.
ಒಳ್ಳೆಯದೇ ಆಯಿತು.
ನೀರು ಹಾಕಲಾಯಿತು, ಬರೆದೆ.
ಎಲೆಗಳನ್ನು ಎಣಿಸಲಾಯಿತು.
ಐದನೆಯ ಕುಂಡದ ಸುಳಿ ಒಣಗಿರುವುದು ಕಂಡುಬಂದಿತು.

ಹೊರಬಂದಾಗ ಮೌಲಾಸಾಬ
ಪೇಪರಿನಲ್ಲಿ ಒಗ್ಗರಣೆ ಮಂಡಾಳು ಹರಡಿಕೊಂಡಿದ್ದ.
"ಯಾರೂ ಬಂದಿಲ್ಲಂತ ಬರಕೊಂಡೀನಿ" ಎಂದು
ಅರ್ಧ ನನ್ನ ಕಡೆ ಸರಿಸಿದ.
ಮಿರ್ಚಿ ಬಿಸಿ ಇತ್ತು.